ದೂರದ ಓದುಗರ ಸೇವೆ

ಎಮ್ಮಿಗನೂರು
12 ಜನವರಿ 2024

ಗವಿಸಿದ್ದಪ್ಪ ಸರ್ ಅವರಿಗೆ ಜ್ಯೋತಿಲಕ್ಷ್ಮಿ ಮಾಡುವ ನಮಸ್ಕಾರಗಳು.

ನನ್ನ ನೆನಪಿದೆಯೋ ಇಲ್ಲವೋ. ಬಿ.ಎ. ಓದುವಾಗ ಲೈಬ್ರರಿಯ ಕಿಟಕಿ ಪಕ್ಕದ ಮೇಜಿಗೆ ಕೂತು, ಟಿಫಿನ್ ಡಬ್ಬಿ ತೆಗೆದು ನಿಮ್ಮಿಂದ ಬೈಸಿಕೊಂಡವಳು ನಾನು. "ಇದು ಖಾನಾವಳಿ ಅಲ್ಲವ್ವಾ, ಗ್ರಂಥಾಲಯ" ಅಂದಿದ್ದಿರಿ. ಆಮೇಲೆ ನೀವೇ ಕೇಳಿ ಉಪ್ಪಿನಕಾಯಿ ಹಾಕಿಸಿಕೊಂಡಿರಿ.

ಕೊನೆಯ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ನಮ್ಮವ್ವ ಹೊಳೆಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ತೊದಲುತ್ತದೆ. ಹಾಗಾಗಿ ಅರ್ಥಶಾಸ್ತ್ರದ ಒಂದು ಪೇಪರ್ ಬರೆಯುವುದು ಉಳಿದುಬಿಟ್ಟಿತು. ಅದನ್ನು ಈ ವರ್ಷ ಬರೆಯಬೇಕು. ಆದರೆ ಅವ್ವನನ್ನು ಬಿಟ್ಟು ಹೊಸಪೇಟೆಗೆ ಬಂದು ಓದಲು ಆಗುವುದಿಲ್ಲ. ಮನೆಯಲ್ಲಿರುವುದು ಒಂದೇ ಫೋನು. ಅದು ನಮ್ಮಣ್ಣ ರಾಮಾಂಜಿನಿಯ ಜೊತೆ ತೋರಣಗಲ್ಲಿಗೆ ಶಿಫ್ಟಿಗೆ ಹೋಗುತ್ತದೆ. ಅದಕ್ಕೇ ಈ ಕಾಗದ.

ಲೈಬ್ರರಿ ಬಾಗಿಲಲ್ಲಿ "ನಮ್ಮ ಸೇವೆಗಳು" ಅಂತ ಒಂದು ಹಸಿರು ಬೋರ್ಡಿತ್ತಲ್ಲ ಸರ್. ಮನೆಗೆ ಪುಸ್ತಕ, ಬುಕ್ ಬ್ಯಾಂಕ್, ಹಳೆಯ ಪ್ರಶ್ನೆಪತ್ರಿಕೆ, ಪೇಪರ್ ಕಟಿಂಗ್ ಎಲ್ಲ ಬರೆದು, ತೀರಾ ಕೆಳಗೆ "ದೂರದ ಓದುಗರ ಸೇವೆ" ಅಂತಿತ್ತು. ಅದೇನು ಅಂತ ಆಗ ಕೇಳಲಿಲ್ಲ. ಈಗ ನಾನೇ ದೂರದವಳಾಗಿದ್ದೇನೆ, ಕೇಳುತ್ತಿದ್ದೇನೆ.

ಈ ಪೇಪರ್ ಪಾಸಾದರೆ ಡಿಗ್ರಿ ಬರುತ್ತದೆ. ಡಿಗ್ರಿ ಬಂದರೆ ಲೈಬ್ರರಿ ಕೋರ್ಸ್ ಮಾಡಿ, ನಿಮ್ಮಂಥ ಕುರ್ಚಿಯಲ್ಲಿ ಕೂತು ಹುಡುಗರನ್ನು ಬೈಯಬೇಕು ಅಂತ ಆಸೆ. ಅಣ್ಣ ಹೇಳಿಬಿಟ್ಟಿದ್ದಾನೆ: "ಪಾಸಾದ್ರ ಓದು. ಇಲ್ಲಾಂದ್ರ ಕಂಪನಿ ಕ್ಯಾಂಟೀನಿಗೆ ನಡಿ, ಕಂಟ್ರಾಕ್ಟರಗ ಹೇಳೀನಿ." ಅವ್ವನಿಗೆ ಇರುವುದು ಒಂದೇ ಆಸೆ. ಕಾಲೇಜಿನ ಗೋಡೆಯ ನೋಟೀಸ್ ಬೋರ್ಡಿನಲ್ಲಿ ಪಾಸಾದವರ ಹೆಸರು ಹಾಕುತ್ತಾರಲ್ಲ, ಅಲ್ಲಿ ಮಗಳ ಹೆಸರು ಬರಬೇಕು. ಅವಳಿಗೆ ಓದಲು ಬರುವುದಿಲ್ಲ. ಆದರೂ ಬರಬೇಕಂತೆ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಜ್ಯೋತಿಲಕ್ಷ್ಮಿ


ಹೊಸಪೇಟೆ
18 ಜನವರಿ 2024

ಚಿ. ಜ್ಯೋತಿಲಕ್ಷ್ಮಿಗೆ ಆಶೀರ್ವಾದಗಳು.

ಮರೆಯುವುದೆಲ್ಲಿ ಬಂತು! ನಿನ್ನ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ಒಂದು ಇತಿಹಾಸದ ಪುಸ್ತಕದ ಮೇಲೆ ಇವತ್ತಿಗೂ ಇದೆ. ಅದನ್ನು ಯಾರು ಮಾಡಿದ್ದು ಅಂತ ಕೇಳಿದವರಿಗೆ "ವಿಜಯನಗರದ ಕಾಲದ್ದು" ಅಂತ ಹೇಳುತ್ತಾ ಬಂದಿದ್ದೇನೆ.

ಆ ಬೋರ್ಡಿನ ಕಥೆ ಕೇಳು. ಪೇಂಟರ್ ಎಲ್ಲ ಬರೆದು ಮುಗಿಸಿ, "ಸರ್ರ, ಕೆಳಗ ಜಾಗ ಉಳದೈತ್ರಿ, ಏನರ ಹೇಳ್ರಿ" ಅಂದ. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ ಬಾಯಿಗೆ ಬಂದದ್ದನ್ನು ಬರೆಸಿದೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನೀನೇ ಮೊದಲ ಗಿರಾಕಿ. ಹಾಗಾಗಿ ನಿಯಮವನ್ನೂ ಈಗಲೇ ಮಾಡಬೇಕಾಯಿತು. ನಿಯಮ ಏನೆಂದರೆ, ದೂರದ ಓದುಗರಿಗೆ ಇಷ್ಟೇ ಪುಸ್ತಕ ಅಂತ ಮಿತಿ ಇಲ್ಲ. ಬೋರ್ಡಿನಲ್ಲಿ ಮಿತಿ ಬರೆದಿಲ್ಲ, ಅಂದಮೇಲೆ ಇಲ್ಲ.

ಎಮ್ಮಿಗನೂರು ಬಸ್ಸಿನ ಕಂಡಕ್ಟರ್ ಹುಲಿಗೇಶ್ ನನ್ನ ಹಳೆಯ ವಿದ್ಯಾರ್ಥಿ. ಪದ್ಯದ ಪುಸ್ತಕ ತೆಗೆದುಕೊಂಡು ಹೋಗಿ ಪ್ರೇಮಪತ್ರ ಇಟ್ಟು ವಾಪಸ್ ಕೊಡುತ್ತಿದ್ದವನು. ಅವನ ಕೈಯಲ್ಲಿ ಅರ್ಥಶಾಸ್ತ್ರದ ಎರಡು ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕಳಿಸಿದ್ದೇನೆ. ಉತ್ತರವನ್ನು ಪುಸ್ತಕದ ಹಿಂದಿನ ಜೇಬಿನಲ್ಲಿಟ್ಟು ಅವನಿಗೇ ಕೊಡು. ಬಜೆಟ್ಟಿನ ಪಾಠ ಮೊದಲು ಓದು, ಪ್ರತಿ ವರ್ಷ ಬರುತ್ತದೆ. ಅವ್ವನಿಗೆ ನಮಸ್ಕಾರ ಹೇಳು. ಪುಟ ಮಡಚಿದರೆ ಕಾಲು ಮುರಿಯುತ್ತೇನೆ.

ಗವಿಸಿದ್ದಪ್ಪ


ಹೊಸಪೇಟೆ
6 ಮಾರ್ಚ್ 2024

ಚಿ. ಜ್ಯೋತಿಲಕ್ಷ್ಮಿಗೆ,

ನೀನು ಬಿಡಿಸಿ ಕಳಿಸಿದ ಪ್ರಶ್ನೆಪತ್ರಿಕೆಗಳನ್ನು ಅರ್ಥಶಾಸ್ತ್ರದ ಮೇಡಂಗೆ ತೋರಿಸಿದೆ. "ಈ ಹುಡುಗಿ ಆರಾಮಾಗಿ ಪಾಸಾಗ್ತಾಳ್ರಿ" ಅಂದರು. ನಾನು ಅಷ್ಟು ಧಾರಾಳಿಯಲ್ಲ. ಅಕ್ಷರ ಇನ್ನೂ ದುಂಡಗಾಗಬೇಕು.

ಈ ಸಲ ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಮುಂದಿನ ತಿಂಗಳು ಲೈಬ್ರರಿಯಲ್ಲಿ ಕಳೆ ತೆಗೆಯುವ ಕೆಲಸ ಇದೆ. ಮೇಲಿನಿಂದ ಆದೇಶ ಬಂದಿದೆ. ನೆನೆದರೆ ಊಟ ಸೇರುತ್ತಿಲ್ಲ.

ಗವಿಸಿದ್ದಪ್ಪ


ಎಮ್ಮಿಗನೂರು
11 ಮಾರ್ಚ್ 2024

ಸರ್ ಅವರಿಗೆ ನಮಸ್ಕಾರಗಳು.

ಕಳೆ ತೆಗೆಯುವುದಕ್ಕೆ ಊಟ ಬಿಡುತ್ತಾರೆಯೇ ಸರ್? ಲೈಬ್ರರಿ ಮುಂದಿನ ಆ ಅಂಗಳ ಎಷ್ಟಿದೆ ಮಹಾ! ನಮ್ಮ ಕಡೆ ಭತ್ತದ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕೀಳುತ್ತೇವೆ. ಚಿಕ್ಕಮ್ಮ ದುರ್ಗಕ್ಕನನ್ನು ಒಂದು ದಿನ ಅವ್ವನ ಹತ್ತಿರ ಬಿಟ್ಟು, ಕುರ್ಪಿ ಹಿಡಿದುಕೊಂಡು ಬರುತ್ತೇನೆ. ಮಧ್ಯಾಹ್ನದೊಳಗೆ ಅಂಗಳ ಹಸನ ಮಾಡಿಕೊಡುತ್ತೇನೆ. ನೀವು ಬಗ್ಗಿ ಕೀಳಲು ಹೋಗಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ.

ಪರೀಕ್ಷೆಯ ಬಗ್ಗೆ ಕಾಲೇಜಿನಿಂದ ಒಂದು ನೋಟೀಸು ಬಂದಿದೆ. ಸೆಪ್ಟೆಂಬರ್‌ನಲ್ಲಿ ಅಂತೆ. ಮತ್ತೇನೂ ವಿಶೇಷವಿಲ್ಲ.

ಜ್ಯೋತಿಲಕ್ಷ್ಮಿ


ಹೊಸಪೇಟೆ
15 ಮಾರ್ಚ್ 2024

ಚಿ. ಜ್ಯೋತಿಲಕ್ಷ್ಮಿಗೆ,

ನಿನ್ನ ಕಾಗದ ಓದಿ ಎಷ್ಟು ದಿನದ ಮೇಲೆ ನಕ್ಕೆನೋ! ಹುಚ್ಚಿ, ಕುರ್ಪಿ ಅಲ್ಲೇ ಇರಲಿ. ಲೈಬ್ರರಿಯವರ ಮಾತಿನಲ್ಲಿ ಕಳೆ ಅಂದರೆ ಹುಲ್ಲಲ್ಲ, ಪುಸ್ತಕ. ಪುಸ್ತಕದ ಕೊನೆಯಲ್ಲಿ ದಿನಾಂಕದ ಚೀಟಿ ಅಂಟಿಸಿರುತ್ತೇವಲ್ಲ, ಅದರ ಮೇಲೆ ಏಳೆಂಟು ವರ್ಷದಿಂದ ಸೀಲು ಬೀಳದಿದ್ದರೆ ಅದು ಕಳೆ. ಅದನ್ನು ಕಿತ್ತು ರದ್ದಿಗೆ ಹಾಕಬೇಕು. ಆ ಜಾಗದಲ್ಲಿ ಕಂಪ್ಯೂಟರ್ ಬರುತ್ತವೆ. ಬರಲಿ, ಬೇಡ ಅನ್ನಲು ನಾನ್ಯಾರು? ಆದರೆ ಯಾರೂ ಮುಟ್ಟಲಿಲ್ಲ ಅಂದರೆ ಅದು ಪುಸ್ತಕದ ತಪ್ಪೇ?

ರಾಶಿಯಲ್ಲಿ ಏನೇನಿವೆ ಗೊತ್ತೇ? ತುಂಗಭದ್ರೆಯ ಮೀನುಗಳ ಚಿತ್ರದ ಪುಸ್ತಕ. ಬೆನ್ನು ಕಿತ್ತುಹೋದ ತೆಲುಗು–ಕನ್ನಡ ನಿಘಂಟು. ಕಂಬಳಿ ನೇಯುವುದರ ಮೇಲೆ ಒಂದು. ಹಂಪಿಯ ಕಾಲುವೆಗಳ ಮೇಲೆ ಯಾರೋ ಮಾಸ್ತರರು ಜೀವ ತೇಯ್ದು ಬರೆದದ್ದು.

ನನಗೊಂದು ದಾರಿ ಹೊಳೆದಿದೆ. ಹೊರಗೆ ಓದುಗರ ಹತ್ತಿರ ಇರುವ ಪುಸ್ತಕವನ್ನು ಕಳೆ ಅನ್ನಲು ಬರುವುದಿಲ್ಲ. ದೂರದ ಓದುಗರಿಗೆ ಮಿತಿ ಇಲ್ಲ. ದೂರದ ಓದುಗರು ಅಂತ ಇರುವುದು ನೀನೊಬ್ಬಳೇ. ಎರಡು ಚೀಲ ಪುಸ್ತಕ ನಿನ್ನ ಕಾರ್ಡಿನ ಮೇಲೆ ಬರೆದು ಕಳಿಸಲೇ? ಈ ಗದ್ದಲ ಮುಗಿದ ಮೇಲೆ ವಾಪಸ್ ತಂದು ರ‍್ಯಾಕಿನಲ್ಲಿ ಕೂರಿಸೋಣ. ಬೇಡ ಅನ್ನಿಸಿದರೆ ಬೇಡ ಅನ್ನು, ಬೇಜಾರಿಲ್ಲ.

ಗವಿಸಿದ್ದಪ್ಪ


ಎಮ್ಮಿಗನೂರು
2 ಏಪ್ರಿಲ್ 2024

ಸರ್ ಅವರಿಗೆ,

ಎರಡೂ ಚೀಲ ಬಂದು ಮುಟ್ಟಿದವು. ಹುಲಿಗೇಶಣ್ಣ ತಲೆಮೇಲೆ ಹೊತ್ತುಕೊಂಡು ಮನೆತನಕ ಬಂದ. "ಏನ್ ತಂಗಿ, ಗವಿಸಿದ್ದಪ್ಪ ಸರ್ರು ಕಾಲೇಜನ್ನ ನಿಮ್ಮನಿಗೆ ಶಿಫ್ಟ್ ಮಾಡಾಕ ಹತ್ಯಾರೇನು?" ಅಂತ ಕೇಳಿದ. ಅಣ್ಣ ಗೊಣಗಿದ, ಕಾಲಿಡಲು ಜಾಗ ಇಲ್ಲ ಅಂತ. ಮಂಚದ ಕೆಳಗೆ ತಳ್ಳಿ ಅವನ ಬಾಯಿ ಮುಚ್ಚಿಸಿದೆ.

ಮೀನಿನ ಪುಸ್ತಕ ಅವ್ವನಿಗೆ ತೋರಿಸಿದೆ ಸರ್. ಅವಳ ತವರು ಕಂಪ್ಲಿ, ಹೊಳೆ ದಂಡೆಯಲ್ಲೇ ಮನೆ. ಒಂದು ಚಿತ್ರದ ಮೇಲೆ ಎಡಗೈ ಬೆರಳಿಟ್ಟು "ಬಾ... ಬಾಳಿ" ಅಂದಳು. ಬಾಳೆಮೀನು! ಲಕ್ವ ಹೊಡೆದ ಮೇಲೆ ನನ್ನ ಹೆಸರನ್ನೂ ಅವಳು ಪೂರ್ತಿ ಅಂದಿರಲಿಲ್ಲ. ಆಮೇಲೆ ಹಾವುಮೀನಿನ ಚಿತ್ರ ನೋಡಿ ನಕ್ಕಳು. ನಾನು ಅತ್ತುಬಿಟ್ಟೆ. ಈಗ ದಿನಾ ಊಟ ಮಾಡಿಸುವಾಗ ಆ ಪುಸ್ತಕ ಬಿಡಿಸಿ ಇಡಬೇಕು, ಇಲ್ಲದಿದ್ದರೆ ಬಾಯಿ ತೆರೆಯುವುದಿಲ್ಲ.

ಓದು ಚೆನ್ನಾಗಿ ನಡೆದಿದೆ. ಪರೀಕ್ಷೆಗೆ ನಾನು ತಯಾರು.

ಜ್ಯೋತಿಲಕ್ಷ್ಮಿ


ಸಂಡೂರು
10 ಜೂನ್ 2024

ಚಿ. ಜ್ಯೋತಿಲಕ್ಷ್ಮಿಗೆ,

ನಡುವೆ ಬರೆಯಲಾಗಲಿಲ್ಲ, ಸಿಟ್ಟಾಗಬೇಡ. ರಜೆಯಲ್ಲಿ ಸಂಡೂರಿನ ಮನೆಗೆ ಬಂದಿದ್ದೇನೆ. ಲೈಬ್ರರಿಗೆ ಬಣ್ಣ ಬಳಿಯುತ್ತಿದ್ದಾರೆ. ಯಾವ ಕಾಗದ ಎಲ್ಲಿ ಹೋಗುತ್ತದೋ ಗೊತ್ತಾಗದಂತಾಗಿದೆ. ಹಾಗಾಗಿ ಇನ್ನುಮೇಲೆ ಹುಲಿಗೇಶನ ಕೈಗೆ ಕೊಡಬೇಡ, ಮೇಲಿನ ವಿಳಾಸಕ್ಕೆ ಅಂಚೆಗೆ ಹಾಕು.

ಇಲ್ಲಿ ಮಳೆ ಬಿದ್ದು ಗುಡ್ಡ ಹಸಿರಾಗಿದೆ. ಬೆಳಗ್ಗೆ ಎದ್ದು ಏನು ಮಾಡಬೇಕೋ ತೋಚುವುದಿಲ್ಲ. ನನ್ನ ಹೆಂಡತಿ ಲಕ್ಷ್ಮೀ, "ಅಡಿಗಿಮನಿ ಡಬ್ಬಿಗೆಲ್ಲಾ ನಂಬರ್ ಹಾಕಾಕ ಹತ್ತೀರಲ್ರೀ, ಜೀರಿಗಿ ಎಲ್ಲೈತಿ ಅಂತ ನಿಮ್ಮನ್ನ ಕೇಳಬೇಕೇನು?" ಅಂತ ಜಗಳಕ್ಕೆ ನಿಂತಳು. ರಜೆ ಮನುಷ್ಯನಿಗೆ ಒಳ್ಳೆಯದಲ್ಲ.

ನೀನು ಓದು. ಬಡ್ಡಿದರದ ಪಾಠ ಬಿಡಬೇಡ.

ಗವಿಸಿದ್ದಪ್ಪ


ಎಮ್ಮಿಗನೂರು
25 ಜುಲೈ 2024

ಸರ್ ಅವರಿಗೆ ನಮಸ್ಕಾರಗಳು.

ಹಾಲ್ ಟಿಕೆಟ್ ಕೊಡುವ ದಿನ ಗೊತ್ತಾಯಿತು, ಆಗಸ್ಟ್ ಮೂವತ್ತು. ಲೈಬ್ರರಿಯ ನೋ ಡ್ಯೂ ಸಹಿ ಇಲ್ಲದೆ ಕೊಡುವುದಿಲ್ಲವಂತೆ. ನನ್ನ ಹೆಸರಿನಲ್ಲಿ ಎರಡು ಚೀಲ ಪುಸ್ತಕ ಇವೆಯಲ್ಲ. ಮೊದಲೇ ತಂದು ಒಪ್ಪಿಸಿಬಿಡಲೇ? ಅಣ್ಣನೂ ದಿನಾ ಅದೇ ರಾಗ, "ಮೊದ್ಲು ಇವನ್ನ ಸಾಗಾಕು" ಅಂತ. ದುರ್ಗಕ್ಕ ಮುಂದಿನ ವಾರ ಬರುತ್ತಾಳೆ, ಆಗಲಾದರೆ ನನಗೆ ಅನುಕೂಲ. ನೀವು ಲೈಬ್ರರಿಯಲ್ಲಿ ಇರುತ್ತೀರಲ್ಲ?

ಜ್ಯೋತಿಲಕ್ಷ್ಮಿ


ಸಂಡೂರು
3 ಆಗಸ್ಟ್ 2024

ಚಿ. ಜ್ಯೋತಿಲಕ್ಷ್ಮಿಗೆ,

ನಾನಿರುವಾಗ ನೋ ಡ್ಯೂ ಎಂಥ ದೊಡ್ಡ ಮಾತು! ಸುಮ್ಮನೆ ಎರಡೆರಡು ಸಲ ಅಲೆಯಬೇಡ, ಬಸ್ಸಿನಲ್ಲಿ ಚೀಲ ಹೊತ್ತು ಸಾಯುತ್ತೀಯ. ಹಾಲ್ ಟಿಕೆಟ್ಟಿನ ದಿನವೇ ಪುಸ್ತಕವನ್ನೂ ತಾ. ಕೌಂಟರಿನಲ್ಲಿ ಭವ್ಯ ಅಂತ ಹೊಸ ಹುಡುಗಿ ಇರುತ್ತಾಳೆ. ಗವಿಸಿದ್ದಪ್ಪ ಸರ್ ಹೇಳಿದ್ದಾರೆ ಅನ್ನು, ಸಾಕು. ನನ್ನ ಮಾತಿಗೆ ಅಲ್ಲಿ ಅಷ್ಟಾದರೂ ಬೆಲೆ ಇದೆ.

ಆ ದಿನ ನಾನು ಎದುರಿಗೆ ಇರದಿದ್ದರೂ ಗಾಬರಿಯಾಗಬೇಡ. ಪಾಸಾದ ಮೇಲೆ ಉಪ್ಪಿನಕಾಯಿ ಕಳಿಸು.

ಗವಿಸಿದ್ದಪ್ಪ


ಎಮ್ಮಿಗನೂರು
4 ಸೆಪ್ಟೆಂಬರ್ 2024

ಗವಿಸಿದ್ದಪ್ಪ ಸರ್ ಅವರಿಗೆ,

ಇಷ್ಟು ದಿನ ನೀವು ಬೈದಿರಿ, ನಾನು ಬೈಸಿಕೊಂಡೆ. ಇವತ್ತು ನಾನು ಬೈಯುತ್ತೇನೆ, ಕೇಳಿಸಿಕೊಳ್ಳಿ.

ಎರಡು ಚೀಲ ಹೊತ್ತು ಕಾಲೇಜಿಗೆ ಹೋದೆ. ಹಸಿರು ಬೋರ್ಡು ಇಲ್ಲ. ಅಲ್ಲಿ ದೊಡ್ಡ ಫ್ಲೆಕ್ಸ್ ಹಾಕಿದ್ದಾರೆ. ವೈಫೈ, ಇ-ಬುಕ್, ರಿಮೋಟ್ ಆಕ್ಸೆಸ್. ಒಳಗೆ ನಾನು ಕೂರುತ್ತಿದ್ದ ಮೇಜೂ ಇಲ್ಲ, ನೀವೂ ಇಲ್ಲ. ಭವ್ಯ ಕುರ್ಚಿ ಕೊಟ್ಟು, ಕುಡಿಯಲು ನೀರು ಕೊಟ್ಟರು. ಒಂದೊಂದೇ ಪುಸ್ತಕ ತಿರುಗಿಸಿ ನೋಡಿ ಮುಖ ಸಣ್ಣಗೆ ಮಾಡಿಕೊಂಡರು.

"ಅಕ್ಕಾ, ಇವಕ್ಕ ಬಾರ್‌ಕೋಡೇ ಇಲ್ಲಲ್ರೀ. ಬ್ಯಾಸಿಗ್ಯಾಗ ರ‍್ಯಾಕಿನ್ಯಾಗ ಇದ್ದ ಪುಸ್ತಕಕ್ಕಷ್ಟ ಹಚ್ಯಾರ. ಇವು ಹೊರಗಿದ್ವು. ಕಂಪ್ಯೂಟರ್‌ನ್ಯಾಗ ಇಲ್ಲದ ಪುಸ್ತಕ ನಾ ಹೆಂಗ ವಾಪಸ್ ತಗಳ್ಳಿ?"

"ಹಂಗಾರ ನನ್ನ ಹೆಸರಿಗೆ ಬಾಕಿ ಇಲ್ಲ ಅಂತ ಬರದು ಕೊಡ್ರಿ" ಅಂದೆ.

"ಬಾಕಿ ಪಟ್ಟಿ ಹಳೇ ಕಾರ್ಡ್ ನೋಡಿ ಟೈಪ್ ಮಾಡ್ಯಾರಕ್ಕಾ. ಅದರಾಗ ನಿಮ್ಮ ಹೆಸರೈತಿ. ಎಲ್ಲಾ ಪುಸ್ತಕ ವಾಪಸ್ ಬಂದ್ರಷ್ಟ ಅದು ಹೋಗ್ತೈತಿ."

ಪುಸ್ತಕ ಮೇಜಿನ ಮೇಲಿದೆ ಸರ್. ಅವರೂ ನೋಡುತ್ತಿದ್ದಾರೆ, ನಾನೂ ನೋಡುತ್ತಿದ್ದೇನೆ. ಆದರೂ ಬಂದಿಲ್ಲ. ನಿಮ್ಮ ಹೆಸರು ಹೇಳಿದೆ, ಸರ್‌ನ ಕರೆಯಿರಿ ಅಂದೆ. ಆಗ ಭವ್ಯ ಅಂದರು, "ಅವರನ್ನ ಮೇ ತಿಂಗಳದಾಗ ತಗದ್ರಲ್ಲಕ್ಕಾ. ನಿಮಗ ಗೊತ್ತಿಲ್ಲೇನು?"

ನನಗೆ ಹೇಗೆ ಗೊತ್ತಾಗಬೇಕು? ಬಣ್ಣ ಬಳಿಯುತ್ತಿದ್ದಾರೆ, ರಜೆ ಇದೆ ಅಂತ ಬರೆದವರು ನೀವು.

ಪಾಪ, ಆ ಹುಡುಗಿ ಕಾಲೇಜಿನ ಫೋನಿನಿಂದ ನಿಮಗೆ ಮೇಲಿಂದ ಮೇಲೆ ಮಾಡಿದರು. ರಿಂಗ್ ಆಯಿತು, ನೀವು ಎತ್ತಲಿಲ್ಲ. ಪ್ರಿನ್ಸಿಪಾಲರು ಬಳ್ಳಾರಿಯಲ್ಲಿ ಮೀಟಿಂಗಿಗೆ ಹೋಗಿದ್ದರು. ಕ್ಲರ್ಕ್ ಸಂಜೆತನಕ ಕಾದು, ಹಾಲ್ ಟಿಕೆಟ್ ಕೊಡುವುದು ಇದೊಂದೇ ದಿನ ಅಂತ ಹೇಳಿ ಕಿಟಕಿ ಮುಚ್ಚಿದರು. ಚೀಲಗಳನ್ನು ಮತ್ತೆ ಹೊತ್ತು ಹೊರಗೆ ಬರುವಾಗ ರಿಮೋಟ್ ಆಕ್ಸೆಸ್ ಅಂದರೇನು ಅಂತ ಭವ್ಯನ ಕೇಳಿದೆ. "ದೂರ ಇರೋರಿಗಕ್ಕಾ, ಮನಿಯಾಗ ಕುಂತು ಫೋನಿನ್ಯಾಗ ಓದಬಹುದು" ಅಂದರು.

ನಿನ್ನೆ ಪರೀಕ್ಷೆ ಇತ್ತು. ಅವ್ವನಿಗೆ ಗಂಜಿ ಕುಡಿಸುತ್ತಾ ಮನೆಯಲ್ಲೇ ಇದ್ದೆ.

ನನ್ನದೂ ಒಂದು ತಪ್ಪಿದೆ. ಮಾರ್ಚಿನಲ್ಲಿ ನೋಟೀಸು ಬಂದಿದೆ, ವಿಶೇಷವಿಲ್ಲ ಅಂತ ಬರೆದಿದ್ದೆ. ವಿಶೇಷವಿತ್ತು. ಹಳೆಯ ಸಿಲಬಸ್ಸಿನವರಿಗೆ ಇದೇ ಕಡೆಯ ಪರೀಕ್ಷೆ, ಮುಂದೆ ಯಾವ ಅವಕಾಶವೂ ಇಲ್ಲ ಅಂತಿತ್ತು. ನೀವು ಮೊದಲೇ ಊಟ ಬಿಟ್ಟಿದ್ದಿರಿ, ಇನ್ನಷ್ಟು ಚಿಂತೆ ಯಾಕೆ ಅಂತ ಬರೆಯಲಿಲ್ಲ. ನೀವು ನನಗೆ ನೋವಾಗಬಾರದು ಅಂತ ಸುಳ್ಳು ಹೇಳಿದಿರಿ, ನಾನು ನಿಮಗೆ ನೋವಾಗಬಾರದು ಅಂತ. ಎಂಥ ದೊಡ್ಡ ಮನಸ್ಸು ಇಬ್ಬರದೂ! ಸುಡಲಿ.

ಜ್ಯೋತಿಲಕ್ಷ್ಮಿ


ಸಂಡೂರು
12 ಸೆಪ್ಟೆಂಬರ್ 2024

ಜ್ಯೋತಿಲಕ್ಷ್ಮಿಗೆ,

ಆಶೀರ್ವಾದ ಅಂತ ಬರೆಯಲು ಕೈ ಬರುತ್ತಿಲ್ಲ.

ನಾನು ಅಲ್ಲಿ ಗುತ್ತಿಗೆಯ ಮೇಲೆ ಇದ್ದವನು. ಪ್ರತಿ ವರ್ಷ ಮುಂದುವರಿಸುತ್ತಿದ್ದರು, ಈ ವರ್ಷ ಮುಂದುವರಿಸಲಿಲ್ಲ. ಅವರು ಮೊದಲು ಕಿತ್ತ ಕಳೆ ನಾನೇ. ಅದನ್ನು ನಿನಗೆ ಬರೆಯಲು ನಾಚಿಕೆಯಾಯಿತು. ನಿನ್ನ ಕಾಗದದಲ್ಲಿ "ನಿಮ್ಮಂಥ ಕುರ್ಚಿ" ಅಂತಿತ್ತಲ್ಲ, ಅದೊಂದು ಕಡೆಯಾದರೂ ನಾನು ಆ ಕುರ್ಚಿಯಲ್ಲೇ ಕೂತಿರಲಿ ಅನ್ನಿಸಿತು.

ಫೋನು ನನ್ನ ಕೈಯಲ್ಲೇ ಇತ್ತು. ಕಾಲೇಜಿನ ನಂಬರು ಅಂತ ಕಂಡಿತು. ತೆಗೆದುಹಾಕಿದವರಿಗೆ ಈಗ ನನ್ನ ಹತ್ತಿರ ಏನು ಕೆಲಸ, ಯಾವುದೋ ಸಹಿ ಬೇಕಾಗಿರಬೇಕು, ಒದ್ದಾಡಲಿ ಅಂತ ನೋಡುತ್ತಾ ಕೂತೆ. ರಿಂಗ್ ಆಗುತ್ತಿದ್ದಷ್ಟೂ ಹೊತ್ತು ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅದು ನಿನ್ನ ಹಾಲ್ ಟಿಕೆಟ್ಟಿನ ದಿನ ಅನ್ನುವುದೇ ನೆನಪಿಗೆ ಬರಲಿಲ್ಲ. ಇದಕ್ಕಿಂತ ಹೆಚ್ಚು ನಾನೇನು ಬರೆಯಲಿ?

ನಿನ್ನೆ ಹೊಸಪೇಟೆಗೆ ಹೋಗಿದ್ದೆ. ಬಾಗಿಲಲ್ಲಿ ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ಪ್ರಿನ್ಸಿಪಾಲರ ಮುಂದೆ ಕೈ ಮುಗಿದೆ. "ಪರೀಕ್ಷೆ ಮುಗಿದುಹೋತಲ್ರಿ, ಇನ್ನೇನ್ ಮಾಡಾಕ ಬರ್ತೈತಿ? ನೀವು ಯಾವ ರೂಲಿನ ಮ್ಯಾಲೆ ಅಷ್ಟು ಪುಸ್ತಕ ಕೊಟ್ರಿ?" ಅಂದರು. ಬೋರ್ಡಿನ ಮೇಲೆ ಇತ್ತು ಅಂದೆ. ಯಾವ ಬೋರ್ಡು ಅಂತ ಕೇಳಿದರು.

ಯೂನಿವರ್ಸಿಟಿಗೆ ಅರ್ಜಿ ಬರೆದು ಹಾಕಿದ್ದೇನೆ. ಆಗುತ್ತದೆ ಅಂತ ಮತ್ತೆ ಸುಳ್ಳು ಹೇಳುವುದಿಲ್ಲ.

ಗವಿಸಿದ್ದಪ್ಪ


ಸಂಡೂರು
28 ನವೆಂಬರ್ 2024

ಜ್ಯೋತಿಲಕ್ಷ್ಮಿಗೆ,

ನೀನು ಬರೆಯುವುದಿಲ್ಲ, ಬರೆಯಬೇಕೂ ಇಲ್ಲ. ಯೂನಿವರ್ಸಿಟಿಯಿಂದ ಉತ್ತರ ಬಂತು. ಅವಕಾಶವಿಲ್ಲ ಅಂತ ಒಂದೇ ಸಾಲು.

ಆ ಎರಡು ಚೀಲವನ್ನಾದರೂ ನಿನ್ನ ಮನೆಯಿಂದ ಹೊತ್ತು ತರುತ್ತೇನೆ. ನನ್ನ ಮನೆಯಲ್ಲಿ ಇಡುತ್ತೇನೆ. ಯಾವತ್ತು ಬರಲಿ ಅಂತ ಒಂದು ಸಾಲು ಬರೆ.

ಗವಿಸಿದ್ದಪ್ಪ


ತೋರಣಗಲ್ಲು
19 ಜನವರಿ 2025

ಸರ್ ಅವರಿಗೆ ನಮಸ್ಕಾರಗಳು.

ಕಾಗದಗಳು ಮುಟ್ಟಿದ್ದವು. ಸಿಟ್ಟಿನಿಂದ ಬರೆಯಲಿಲ್ಲ ಅಂತಲ್ಲ. ಮೊದಮೊದಲು ಸಿಟ್ಟಿತ್ತು. ಈಗ ಹೊತ್ತೇ ಸಿಗುವುದಿಲ್ಲ.

ಕಂಪನಿ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕಡೆ ಇದ್ದೇನೆ. ಅಣ್ಣನ ಶಿಫ್ಟ್, ನನ್ನ ಶಿಫ್ಟ್ ಹೊಂದಿದ ದಿನ ಇಬ್ಬರೂ ಒಂದೇ ಬಸ್ಸಿಗೆ ಬರುತ್ತೇವೆ. ಸೇರುವಾಗ ಎಷ್ಟು ಓದಿದ್ದೀ ಅಂತ ಕೇಳಿದರು. ಪಿಯುಸಿ ಅಂದೆ. ಮತ್ತೇನು ಹೇಳಲಿ? ಜೊತೆಯ ತಿಪ್ಪಕ್ಕ ಒಳ್ಳೆಯವಳು, ನನ್ನ ಕೈ ನೋಡಿ "ಸೋಪಿನ ನೀರಿಗೆ ಹಿಂಗ ಆಗ್ತೈತಿ, ಕೊಬ್ಬರಿಎಣ್ಣಿ ಹಚ್ಚವ್ವ" ಅಂದಳು. ದುರ್ಗಕ್ಕ ಅವ್ವನ ಹತ್ತಿರ ಇದ್ದಾಳೆ.

ನೀವು ಯಾವ ಭಾನುವಾರವಾದರೂ ಎಮ್ಮಿಗನೂರಿಗೆ ಬಂದು ಚೀಲ ತೆಗೆದುಕೊಂಡು ಹೋಗಿ. ನನಗೆ ಭಾನುವಾರವೂ ಕೆಲಸ, ಇರುವುದಿಲ್ಲ. ಅದೇ ಒಳ್ಳೆಯದು. ಒಂದು ಚೀಲಕ್ಕೆ ಗೆದ್ದಲು ಹತ್ತಿದೆ, ನಿಘಂಟು ಪೂರ್ತಿ ಹೋಯಿತು. ಮೀನಿನ ಪುಸ್ತಕ ಮಾತ್ರ ಬಿಟ್ಟು ಹೋಗಿ. ಅವ್ವ ಊಟ ಮಾಡಬೇಕಲ್ಲ.

ಇನ್ನೊಂದು ಮಾತು. ಹೋದ ತಿಂಗಳು ಅವ್ವನ ಔಷಧಿಗೆ ಹೊಸಪೇಟೆಗೆ ಹೋದವಳು ಕಾಲೇಜಿನೊಳಗೆ ಹೊಕ್ಕು ಬಂದೆ. ಯಾಕೆ ಹೋದೆನೋ. ನೋಟೀಸ್ ಬೋರ್ಡಿನ ಗಾಜಿನ ಒಳಗೆ ಪುಸ್ತಕ ಬಾಕಿ ಇರುವವರ ಪಟ್ಟಿ ಹಾಕಿದ್ದಾರೆ. ಎಲ್ಲರಿಗಿಂತ ಮೇಲೆ ನನ್ನ ಹೆಸರಿದೆ, ಇನಿಷಿಯಲ್ ಸಮೇತ, ಟೈಪ್ ಮಾಡಿದ್ದು. ಮನೆಗೆ ಬಂದ ಮೇಲೆ ಅವ್ವ ದಿನಾ ಕೇಳುವುದನ್ನೇ ಕೇಳಿದಳು, "ಗ್ವಾಡಿ ಮ್ಯಾಲ... ಹೆಸ್ರು?" ಬಂದೈತವ್ವ, ಎಲ್ಲಾರಕಿಂತ ಮ್ಯಾಲೈತಿ ಅಂದೆ. ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ ಲಟಿಕೆ ತೆಗೆಯಲು ನೋಡಿದಳು. ಬಲಗೈ ಬೆರಳು ಮಡಚಲಿಲ್ಲ.

ನೀವು ಮನೆಗೆ ಬಂದಾಗ ನಿಮ್ಮನ್ನೂ ಕೇಳುತ್ತಾಳೆ. ಹೌದು, ನಾನೂ ಕಣ್ಣಾರೆ ನೋಡಿದೆ ಅನ್ನಿ. ಬರುವ ಮೊದಲು ಹೊಸಪೇಟೆಯಲ್ಲಿ ಇಳಿದು ಒಂದು ಸಲ ನೋಡಿಕೊಂಡೇ ಬನ್ನಿ ಸರ್. ಅವಳ ಮುಂದೆ ಇನ್ನೊಂದು ಸುಳ್ಳು ಬೇಡ.

ಜ್ಯೋತಿಲಕ್ಷ್ಮಿ